ಶನಿವಾರದ ಆಟಕ್ಕೆ ಒಡೆಯರು ನೂರು, ಹೊರದೇಶಕ್ಕೆ ಮಾರುವವರು ಯಾರೂ ಇಲ್ಲ

ಕೆಲವು ವರ್ಷಗಳ ಹಿಂದಿನ ಒಂದು ಭಾನುವಾರ, ಬೆಳಗಿನ ಜಾವ ಐದು ಗಂಟೆ. ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲಿ ದೀಪ ಹಾಕದೆ, ಸದ್ದು ಮಾಡದೆ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಹಾಲಿನ ಪ್ಯಾಕೆಟ್ ತರಲು ಎದ್ದ ಅಮ್ಮ ಬೆಳಕು ಕಂಡು ನಿಂತಳು.

"ಏನೋ, ಇಷ್ಟೊತ್ತಿಗೇ ಆಫೀಸ್ ಕೆಲಸಾನಾ?"

"ಇಲ್ಲಮ್ಮ, ಮ್ಯಾಚು."

"ಕ್ರಿಕೆಟ್ಟಾ?"

"ಅಲ್ಲ, ನಾನು ಓದಿದ ಯೂನಿವರ್ಸಿಟೀದು."

ಹತ್ತಿರ ಬಂದು ಬಗ್ಗಿ ನೋಡಿದಳು. ಪರದೆಯ ತುಂಬಾ ಕಪ್ಪು. ನಡುವೆ ಒಂದೇ ಸಾಲು: ಈ ವಿಡಿಯೊ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ. "ಏನೂ ಬರ್ತಾನೇ ಇಲ್ವಲ್ಲೋ," ಅಂದು ಗೇಟಿನ ಕಡೆ ಹೋದಳು.

ನಾನು ಎರಡು ವರ್ಷ ಓದಿದ್ದು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಅಲ್ಲಿನ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,02,780 ಜನ ಕೂರಬಹುದು. ನಮ್ಮ ಚಿನ್ನಸ್ವಾಮಿಯಲ್ಲಿ ಹಿಡಿಸುವ ಜನಕ್ಕಿಂತ ಸುಮಾರು ಮೂರು ಪಟ್ಟು. ಶರತ್ಕಾಲದ ಶನಿವಾರಗಳಲ್ಲಿ ಊರಿಗೆ ಊರೇ ಕೆಂಪು ಅಂಗಿ ತೊಡುತ್ತದೆ. ರಸ್ತೆಯ ಈ ಬದಿಯಿಂದ ಗುರುತು ಪರಿಚಯವಿಲ್ಲದ ಯಾರೋ "ಓ-ಎಚ್" ಎಂದು ಕೂಗಿದರೆ ಆ ಬದಿಯಿಂದ ಇನ್ಯಾರೋ "ಐ-ಓ" ಎಂದು ಉತ್ತರ ಕೊಡುತ್ತಾರೆ. ಆಡುವವರು ವಿದ್ಯಾರ್ಥಿಗಳು. ಆಟ ನಾವು ಕಾಲಲ್ಲಿ ಆಡುವ ಫುಟ್‌ಬಾಲ್ ಅಲ್ಲ, ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ನಾಲ್ಕು ಯತ್ನದಲ್ಲಿ ಹತ್ತು ಗಜ ಮುಂದೆ ನುಗ್ಗುವ ಅಮೆರಿಕನ್ ಫುಟ್‌ಬಾಲ್. ಮೊದಲ ಸೆಮಿಸ್ಟರಿನಲ್ಲಿ ನನಗೆ ಇದರ ತಲೆಬುಡ ಅರ್ಥವಾಗಿರಲಿಲ್ಲ. ಎರಡನೇ ವರ್ಷ ಹೊರಡುವ ಹೊತ್ತಿಗೆ ಬಿಡಲಾರದಷ್ಟು ಅಂಟಿಕೊಂಡಿತ್ತು. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಿಂದ ಎಂ.ಎಸ್. ಮಾಡಲು ಹೋಗಿ ಊರಿಗೆ ಮರಳಿದವರಲ್ಲಿ ಈ ಅಂಟು ಇರುವವರು ಕಮ್ಮಿಯೇನಿಲ್ಲ.

ಊರಿಗೆ ಬಂದ ಮೇಲೆ ನೋಡುವುದು ಹೇಗೆ ಎಂಬುದೇ ಪ್ರಶ್ನೆ. ಕೈಯಲ್ಲಿ ಕಾಸಿದೆ, ಮನೆಗೆ ಫೈಬರ್ ಬಂದಿದೆ, ಅಲ್ಲಿ ಹತ್ತಾರು ಕ್ಯಾಮೆರಾ ಹಾಕಿ ಚಿತ್ರೀಕರಿಸುತ್ತಿದ್ದಾರೆ. ಆದರೂ ಅಂಗಡಿ ಬಾಗಿಲು ತೆರೆಯುವುದಿಲ್ಲ. ಸಾಮಾನ್ಯವಾಗಿ ಸಿಗುವ ಉತ್ತರ, "ಅಮೆರಿಕದ ಆಟ, ಹೊರಗೆ ಯಾರಿಗೆ ಬೇಕು?" ಎಂಬುದು. ಈ ಉತ್ತರ ನನಗೆ ಸಾಲದು. ಯಾಕೆಂದರೆ ಶನಿವಾರ ಕಳೆದು ಭಾನುವಾರ ಬಂದರೆ ಅದೇ ದೇಶ, ಅದೇ ಚೆಂಡು, ಹೆಚ್ಚುಕಡಿಮೆ ಅದೇ ನಿಯಮದ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ತನ್ನ ಪಂದ್ಯಗಳನ್ನು ಹೊರದೇಶದವರಿಗೆ ರಾಜಾರೋಷವಾಗಿ ಮಾರುತ್ತದೆ. ಗೇಮ್ ಪಾಸ್ ಎಂಬ ಚಂದಾ ಇದೆ. 2023ರಿಂದ ಅದನ್ನು ಡಾಜೋನ್ ಕಂಪನಿ ಹತ್ತು ವರ್ಷದ ಕರಾರಿನ ಮೇಲೆ ಅಮೆರಿಕದ ಹೊರಗೆ ವಿತರಿಸುತ್ತಿದೆ. ವೃತ್ತಿಪರರ ಆಟಕ್ಕೆ ಗಿರಾಕಿಗಳು ಹೆಚ್ಚು ಎನ್ನುವುದು ಸರಿ. ಆದರೆ ಭಾನುವಾರದ ಆಟಕ್ಕೆ ಕಿಟಕಿ ಇರುವಾಗ ಶನಿವಾರದ ಆಟಕ್ಕೆ ಒಂದು ಸಂದೂ ಇಲ್ಲದಿರುವುದಕ್ಕೆ ಗಿರಾಕಿಯ ಲೆಕ್ಕವೊಂದೇ ಕಾರಣವಾಗಲಾರದು.

ನಮಗೆ ಗೊತ್ತಿರುವ ಐಪಿಎಲ್ ಇಟ್ಟುಕೊಂಡು ನೋಡೋಣ. 2022ರಲ್ಲಿ ಬಿಸಿಸಿಐ ಐದು ವರ್ಷಗಳ ಪ್ರಸಾರ ಹಕ್ಕನ್ನು ಹರಾಜಿಗಿಟ್ಟಾಗ ಎ, ಬಿ, ಸಿ, ಡಿ ಎಂದು ನಾಲ್ಕು ಪೊಟ್ಟಣ ಕಟ್ಟಿತ್ತು. ಭಾರತದ ಟಿ.ವಿ. ಒಂದು, ಭಾರತದ ಡಿಜಿಟಲ್ ಇನ್ನೊಂದು, ಆಯ್ದ ಕೆಲವು ಪಂದ್ಯಗಳದು ಮತ್ತೊಂದು. ಕೊನೆಯ ಡಿ ಪೊಟ್ಟಣ ಹೊರದೇಶಗಳದ್ದು. ಒಟ್ಟು ಬಂದ 48,390 ಕೋಟಿ ರೂಪಾಯಿಯಲ್ಲಿ ಈ ಡಿ ಪೊಟ್ಟಣದ ಪಾಲು ಸಾವಿರ ಕೋಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ನೂರಕ್ಕೆ ಎರಡು ರೂಪಾಯಿ ಲೆಕ್ಕ. ಆದರೂ ಕಟ್ಟಿ ಮಾರಿದರು. ಮಾಲೆಲ್ಲ ಒಬ್ಬನೇ ಯಜಮಾನನದ್ದಾದರೆ ತಳದಲ್ಲಿ ಉಳಿದ ನುಚ್ಚನ್ನೂ ಪೊಟ್ಟಣ ಕಟ್ಟುವುದು ಕಷ್ಟವಲ್ಲ. ಇವತ್ತು ಕೊಲಂಬಸ್‌ನಲ್ಲಿರುವ ನನ್ನ ಗೆಳೆಯ ಆರ್‌ಸಿಬಿ ಪಂದ್ಯವನ್ನು ವಿಲೋ ಚಾನೆಲ್‌ನಲ್ಲಿ ಹಾಯಾಗಿ ನೋಡುವುದು ಆ ನುಚ್ಚಿನ ಪೊಟ್ಟಣದ ದೆಸೆಯಿಂದ. ಅವನ ಊರಿನ ಆಟ ನನಗೆ ಸಿಗದಿರುವುದು ಅಮೆರಿಕದ ಕಾಲೇಜು ಫುಟ್‌ಬಾಲ್‌ಗೆ ಡಿ ಪೊಟ್ಟಣ ಕಟ್ಟಬಲ್ಲ ಯಜಮಾನನೇ ಇಲ್ಲದ್ದರಿಂದ.

ಮೊದಲು ಇದ್ದ. 1951ರಿಂದ ಮೂರು ದಶಕ ಕಾಲ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಟಿ.ವಿ. ಹಕ್ಕನ್ನು ಬಿಗಿಮುಷ್ಟಿಯಲ್ಲಿ ಹಿಡಿದಿತ್ತು. ಟಿ.ವಿ.ಯಲ್ಲೇ ಆಟ ತೋರಿಸಿದರೆ ಟಿಕೆಟ್ ಕೊಂಡು ಬರುವವರು ಯಾರು ಎಂಬುದು ಅದರ ಅಂಜಿಕೆ. ಹಾಗಾಗಿ ವಾರಕ್ಕೆ ಬೆರಳೆಣಿಕೆಯ ಪಂದ್ಯ ಮಾತ್ರ ಪ್ರಸಾರ. ಒಂದು ತಂಡ ಎಷ್ಟು ಬಾರಿ ಟಿ.ವಿ.ಯಲ್ಲಿ ಕಾಣಿಸಬಹುದು ಎಂಬುದಕ್ಕೂ ಮಿತಿ. ದೊಡ್ಡ ತಂಡಗಳಿಗೆ ಇದು ಉರಿಯಿತು. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ನ್ಯಾಯಾಲಯದ ಮೆಟ್ಟಿಲೇರಿದವು. 1984ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7–2 ಬಹುಮತದಿಂದ, ಈ ಹಿಡಿತ ಏಕಸ್ವಾಮ್ಯ ತಡೆ ಕಾಯ್ದೆಗೆ ವಿರುದ್ಧ ಎಂದು ತೀರ್ಪಿತ್ತಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಬೈರನ್ ವೈಟ್ 1930ರ ದಶಕದಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಹೆಸರಾಂತ ಫುಟ್‌ಬಾಲ್ ಆಟಗಾರ. ಇಡೀ ಪೀಠದಲ್ಲಿ ಈ ಆಟವನ್ನು ಮೈಮೇಲೆ ಹಾಕಿಕೊಂಡು ಆಡಿದ್ದವನು, ಹಕ್ಕು ಹರಿದು ಹಂಚಿಹೋಗುವುದಕ್ಕೆ ಒಪ್ಪಲಿಲ್ಲ. ನನಗೆ ಈ ಸಂಗತಿ ಯಾಕೋ ಪದೇ ಪದೇ ನೆನಪಾಗುತ್ತದೆ.

ಅಮೆರಿಕದ ಪ್ರೇಕ್ಷಕನಿಗೆ ಆ ತೀರ್ಪಿನಿಂದ ಹಬ್ಬವೇ ಆಯಿತು. ವಾರಕ್ಕೆ ಒಂದೆರಡು ಪಂದ್ಯ ಕಾಣುತ್ತಿದ್ದ ಕಡೆ ಇವತ್ತು ದೊಡ್ಡ ತಂಡಗಳ ಹೆಚ್ಚುಕಡಿಮೆ ಎಲ್ಲ ಪಂದ್ಯಗಳೂ ಎಲ್ಲೋ ಒಂದು ಕಡೆ ಕಾಣುತ್ತವೆ. ಪಂದ್ಯಕ್ಕೊಂದು ಅಂಗಡಿ ಅನ್ನುವ ಹಾಗಾಗಿದೆ. ಮೇಲಿನ ದರ್ಜೆಯಲ್ಲಿ 2025ರಲ್ಲಿ ಆಡಿದ್ದು 136 ತಂಡಗಳು. ಇವು ಕಾನ್ಫರೆನ್ಸ್ ಎಂಬ ಕೂಟಗಳಾಗಿ ಒಡೆದುಕೊಂಡಿವೆ. ಒಂದೊಂದು ಕೂಟದ್ದೂ ಒಂದೊಂದು ಕರಾರು. ಒಹಾಯೊ ಸ್ಟೇಟ್ ಇರುವ ಬಿಗ್ ಟೆನ್ ಕೂಟ 2022ರಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಎಂಬ ಮೂರು ಟಿ.ವಿ. ಜಾಲಗಳ ಜತೆ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಮೀರಿದ್ದೆಂದು ವರದಿಯಾದ ಒಪ್ಪಂದ ಮಾಡಿಕೊಂಡಿತು. ದಕ್ಷಿಣದ ರಾಜ್ಯಗಳ ಎಸ್‌ಇಸಿ ಕೂಟ 2024ರಿಂದ ಪೂರ್ತಿಯಾಗಿ ಡಿಸ್ನಿ ಒಡೆತನದ ಇಎಸ್‌ಪಿಎನ್ ಬಳಗದ ಪಾಲು. ನೋಟರ್‌ಡೇಮ್ ವಿಶ್ವವಿದ್ಯಾಲಯಕ್ಕೆ ಕೂಟದ ಹಂಗೇ ಬೇಡ. 1991ರಿಂದ ತನ್ನ ತವರಿನ ಪಂದ್ಯಗಳನ್ನು ತಾನೇ ಎನ್‌ಬಿಸಿಗೆ ಮಾರಿಕೊಳ್ಳುತ್ತಿದೆ. ಇವೆಲ್ಲದರ ಮೇಲೆ ಇನ್ನೊಂದು ಸುತ್ತು: ಪಂದ್ಯದ ಹಕ್ಕು ಆತಿಥೇಯ ತಂಡದ ಕೂಟಕ್ಕೆ ಸೇರಿದ್ದು. ಒಹಾಯೊ ಸ್ಟೇಟ್ ಟೆಕ್ಸಸ್ ತಂಡವನ್ನು ಕೊಲಂಬಸ್‌ನಲ್ಲಿ ಎದುರಿಸಿದರೆ ಮಾಲು ಫಾಕ್ಸ್ ಕಡೆಯದು, ಅದೇ ಎರಡು ತಂಡ ಎಸ್‌ಇಸಿ ಕೂಟದ ಟೆಕ್ಸಸ್‌ನ ತವರು ಆಸ್ಟಿನ್‌ನಲ್ಲಿ ಆಡಿದರೆ ಇಎಸ್‌ಪಿಎನ್ ಕಡೆಯದು.

ನಮ್ಮ ತಂಡದ 2025ರ ಸೀಸನ್ನನ್ನೇ ಮೈಸೂರಿನ ಗಡಿಯಾರ ಹಿಡಿದು ನೋಡಿ. ಆಗಸ್ಟ್ 30ರಂದು ಟೆಕ್ಸಸ್ ವಿರುದ್ಧದ ಪಂದ್ಯ ಫಾಕ್ಸ್‌ನಲ್ಲಿ. ಅಲ್ಲಿ ನಡುಮಧ್ಯಾಹ್ನ, ಇಲ್ಲಿ ಶನಿವಾರ ರಾತ್ರಿ ಒಂಬತ್ತೂವರೆ. ಊಟ ಮುಗಿಸಿ ಕೂರಲು ಹೇಳಿ ಮಾಡಿಸಿದ ಹೊತ್ತು. ಮುಂದಿನ ವಾರ ಗ್ರಾಂಬ್ಲಿಂಗ್ ವಿರುದ್ಧದ್ದು ಬಿಗ್ ಟೆನ್ ನೆಟ್‌ವರ್ಕ್‌ನಲ್ಲಿ, ನಡುರಾತ್ರಿ ಕಳೆದು ಒಂದು ಗಂಟೆಗೆ. ಅದರ ಮುಂದಿನ ವಾರ ಒಹಾಯೊ ವಿಶ್ವವಿದ್ಯಾಲಯದ ವಿರುದ್ಧ (ಹೆಸರು ಒಂದೇ ಥರ, ತಂಡ ಬೇರೆ) ಎನ್‌ಬಿಸಿಯ ಪೀಕಾಕ್ ಆ್ಯಪ್‌ನಲ್ಲಿ ಮಾತ್ರ, ಬೆಳಗಿನ ಜಾವ ನಾಲ್ಕೂವರೆಗೆ. ವಾಷಿಂಗ್ಟನ್ ವಿರುದ್ಧ ಸಿಬಿಎಸ್. ಮಿನೆಸೋಟ ವಿರುದ್ಧ ಎನ್‌ಬಿಸಿ. ಕೊನೆಗೆ ಡಿಸೆಂಬರ್ 31ರ ರಾತ್ರಿ ಮಯಾಮಿ ವಿರುದ್ಧ ಸೋತು ಹೊರಬಿದ್ದ ಕಾಟನ್ ಬೌಲ್ ಪಂದ್ಯ ಇಎಸ್‌ಪಿಎನ್‌ನಲ್ಲಿ, ನಮಗದು ಹೊಸ ವರ್ಷದ ಬೆಳಗಿನ ಆರು ಗಂಟೆ. ಒಂದೇ ತಂಡ, ಒಂದೇ ಸೀಸನ್, ಆರು ಅಂಗಡಿ.

ಸಮಯವಾದರೂ ಮೊದಲೇ ಗೊತ್ತಾಗುತ್ತದೆಯೇ? ಬಹಳಷ್ಟು ಪಂದ್ಯಗಳು ಯಾವ ಹೊತ್ತಿಗೆ, ಯಾವ ಚಾನೆಲ್‌ನಲ್ಲಿ ಎಂದು ಪ್ರಕಟವಾಗುವುದು ಹನ್ನೆರಡು ದಿನ ಮುಂಚೆ, ಕೆಲವೊಮ್ಮೆ ಆರೇ ದಿನ ಮುಂಚೆ. ಆ ವಾರ ಯಾವ ಪಂದ್ಯಕ್ಕೆ ಕಾವು ಹೆಚ್ಚು ಎಂದು ನೋಡಿಕೊಂಡು ಚಾನೆಲ್‌ಗಳು ಆರಿಸಿಕೊಳ್ಳುತ್ತವೆ. ಭಾನುವಾರ ಮದುವೆಗೆ ಹೋಗುವುದೋ ಬಿಡುವುದೋ ಎಂದು ಮನೆಯಲ್ಲಿ ಕೇಳಿದರೆ ನಾನು "ಸೋಮವಾರ ಹೇಳ್ತೀನಿ" ಅನ್ನುವುದು ಈ ಕಾರಣಕ್ಕೆ. ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಒಂದು ಗಂಟೆ ಹಿಂದೆ ತಿರುಗಿಸಿದ ಮೇಲೆ ಎಲ್ಲವೂ ಇನ್ನೊಂದು ಗಂಟೆ ತಡ. ಪಂದ್ಯದ ಆಟದ ಸಮಯ ಅರವತ್ತು ನಿಮಿಷ, ಜಾಹೀರಾತು ಸೇರಿ ಮುಗಿಯುವುದು ಸುಮಾರು ಮೂರೂವರೆ ಗಂಟೆಗೆ.

ಈ ಆರು ಅಂಗಡಿಗಳಲ್ಲಿ ಹೊರದೇಶದಲ್ಲಿ ತಕ್ಕಮಟ್ಟಿಗೆ ಬೇರಿರುವುದು ಇಎಸ್‌ಪಿಎನ್‌ಗೆ. ಆಸ್ಟ್ರೇಲಿಯಾದಲ್ಲಿ, ಲ್ಯಾಟಿನ್ ಅಮೆರಿಕದಲ್ಲಿ ಅದರ ಚಾನೆಲ್‌ಗಳಿವೆ. ಯುರೋಪಿನಲ್ಲಿ ಇಎಸ್‌ಪಿಎನ್ ಪ್ಲೇಯರ್ ಎಂಬ ಸೇವೆಯನ್ನು ಕೆಲ ವರ್ಷ ನಡೆಸಿ ಮುಚ್ಚಿದರು. ನಮ್ಮಲ್ಲಿಯೂ ಒಂದು ಕಾಲಕ್ಕೆ ಅದರ ಹೆಸರು ಮನೆಮಾತಾಗಿತ್ತು. ಇಎಸ್‌ಪಿಎನ್ ಸ್ಟಾರ್ ಸ್ಪೋರ್ಟ್ಸ್ ಜಂಟಿ ಕಂಪನಿಯಿಂದ ಅದು 2012ರಲ್ಲಿ ಹೊರನಡೆಯಿತು. 2016ರಲ್ಲಿ ಸೋನಿ ಜತೆ ಸೇರಿ ಮರಳಿತು, ಆ ನಂಟೂ ಹೆಚ್ಚು ದಿನ ಬಾಳಲಿಲ್ಲ. ಈಗ ಇಲ್ಲಿ ಉಳಿದಿರುವುದು ಕ್ರಿಕ್‌ಇನ್ಫೋ ಜತೆಗೆ ಅಂಟಿದ ಹೆಸರು. ಇಎಸ್‌ಪಿಎನ್ ಇರುವ ದೇಶದಲ್ಲಿದ್ದರೂ ಎಸ್‌ಇಸಿ ಕೂಟದ ಅಲಬಾಮಾ ಅಭಿಮಾನಿಗೆ ಸಿಗುವಷ್ಟು ಒಹಾಯೊ ಅಭಿಮಾನಿಗೆ ಸಿಗದು. ಫಾಕ್ಸ್‌ನ ಆ್ಯಪ್ ಆಗಲಿ ಪೀಕಾಕ್ ಆಗಲಿ ಅಮೆರಿಕದ ಗಡಿ ದಾಟುವ ಉತ್ಸಾಹ ತೋರಿಲ್ಲ. ಹೊರದೇಶದಲ್ಲಿದ್ದೂ ಯೋಚನೆಯಿಲ್ಲದೆ ನೋಡುವವರೆಂದರೆ ಅಮೆರಿಕದ ಸೈನಿಕರು. ಜರ್ಮನಿಯಲ್ಲೋ ಜಪಾನಿನಲ್ಲೋ ಇರುವ ಸೇನಾ ನೆಲೆಗಳಿಗೆ ಎಎಫ್ಎನ್ ಎಂಬ ಸರ್ಕಾರಿ ಪ್ರಸಾರ ಜಾಲ ಪಂದ್ಯಗಳನ್ನು ಗೂಢಲಿಪಿಯಲ್ಲಿ ಕಳುಹಿಸುತ್ತದೆ. ಅದರಲ್ಲಿ ಜಾಹೀರಾತಿಲ್ಲ. ಆ ಜಾಗದಲ್ಲಿ ಸೈನಿಕರಿಗೆ ಸೂಚನೆ, ತಿಳಿವಳಿಕೆಯ ತುಣುಕುಗಳು ಬರುತ್ತವೆ. ನಾನು ಮಾತ್ರ ಆ ನೆಮ್ಮದಿಗಾಗಿ ಅಮೆರಿಕದ ಸೇನೆ ಸೇರುವವನಲ್ಲ.

ಬಾಗಿಲು ಮುಚ್ಚುವ ತಂತ್ರ ಸರಳ. ನಿಮ್ಮ ಮನೆಯ ಇಂಟರ್ನೆಟ್‌ಗೊಂದು ಐಪಿ ವಿಳಾಸವಿದೆ. ಯಾವ ವಿಳಾಸದ ಗುಂಪು ಯಾವ ದೇಶದ ಯಾವ ಕಂಪನಿಗೆ ಸೇರಿದ್ದು ಎಂಬ ಪಟ್ಟಿ ಮಾರಾಟಕ್ಕೆ ಸಿಗುತ್ತದೆ. ವಿಡಿಯೊ ಕಳುಹಿಸುವ ಮುನ್ನ ಸರ್ವರ್ ಆ ಪಟ್ಟಿ ನೋಡುತ್ತದೆ. ಅದರ ಜತೆಗೆ ಕಾರ್ಡ್‌ನ ಬಿಲ್ಲಿಂಗ್ ವಿಳಾಸ, ಆ್ಯಪ್ ಸ್ಟೋರ್ ಖಾತೆಯ ದೇಶ, ಫೋನಿನ ಜಿಪಿಎಸ್. ಸಂಪರ್ಕವನ್ನು ಬೇರೆ ಊರಿನ ಸರ್ವರ್ ಮೂಲಕ ಹಾಯಿಸುವ ವಿಪಿಎನ್ ಹಾಕಿದರೆ ನಿಮ್ಮ ವಿಳಾಸ ಚಿಕಾಗೊದ್ದೋ ಡಲ್ಲಾಸ್‌ನದ್ದೋ ಆಗಿ ಕಾಣುತ್ತದೆ ನಿಜ. ಆದರೆ ವಿಪಿಎನ್ ಕಂಪನಿಗಳ ವಿಳಾಸಗಳು ಮನೆಗಳದ್ದಲ್ಲ, ಡೇಟಾ ಸೆಂಟರ್‌ಗಳದ್ದು. ಒಂದೇ ವಿಳಾಸದಿಂದ ನೂರಾರು ಜನ ಒಟ್ಟಿಗೆ ಪಂದ್ಯ ತೆರೆದರೆ ಎಂಥ ಸರ್ವರ್‌ಗೂ ಅನುಮಾನ ಬರುತ್ತದೆ. ನಾನೂ ಒಂದು ವರ್ಷದ ಚಂದಾ ಕಟ್ಟಿ ನೋಡಿದವನೇ. ಮೂರು ವಾರ ನಡೆಯಿತು. ನಾಲ್ಕನೇ ವಾರ, ನಾಲ್ಕನೇ ಕ್ವಾರ್ಟರ್, ಎರಡು ನಿಮಿಷ ಬಾಕಿ, ಪರದೆ ಕಪ್ಪಾಯಿತು. ಗ್ರಾಹಕ ಸೇವೆಯವರು ಬೇರೆ ಊರಿನ ಸರ್ವರ್ ಹಾಕಿ ನೋಡಿ ಎಂದರು. ಹಾಕುವಷ್ಟರಲ್ಲಿ ಆಟ ಮುಗಿದಿತ್ತು.

ಇದು ಕಾನೂನಿಗೆ ವಿರುದ್ಧವೇ ಎಂದು ಗೆಳೆಯರು ಕೇಳುತ್ತಾರೆ. ಭಾರತದಲ್ಲಿ ವಿಪಿಎನ್ ಬಳಕೆಗೆ ಸಾರಾಸಗಟು ನಿಷೇಧವಿಲ್ಲ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್, ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದು ಆದೇಶಿಸಿದ ಮೇಲೆ ಕೆಲವು ಕಂಪನಿಗಳು ಇಲ್ಲಿದ್ದ ಸರ್ವರ್‌ಗಳನ್ನೇ ಕಿತ್ತವು. ಅಮೆರಿಕದ ಸರ್ವರ್ ಬೇಕಾದವನಿಗೆ ಅದರಿಂದ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ. ಮುರಿಯುವುದು ಸ್ಟ್ರೀಮಿಂಗ್ ಕಂಪನಿಯ ಜತೆಗಿನ ಕರಾರು. "ಅಮೆರಿಕದೊಳಗೆ ಮಾತ್ರ ನೋಡುತ್ತೇನೆ" ಎಂಬ ಷರತ್ತಿಗೆ ಒಪ್ಪಿ ಬಟನ್ ಒತ್ತಿರುತ್ತೀರಿ. ಅವರು ಖಾತೆ ಮುಚ್ಚಿದರೆ ತಕರಾರು ಹೇಳಲು ದಾರಿಯಿಲ್ಲ. ನನಗೆ ಇದರಲ್ಲಿ ಕಾಣುವುದು ಪಾಪಕ್ಕಿಂತ ಹೆಚ್ಚಾಗಿ ಪೆದ್ದುತನ. ದುಡ್ಡು ಕೊಡುತ್ತೇನೆ ಎಂದು ಬಂದವನನ್ನು ಓಡಿಸಲು ಖರ್ಚು ಮಾಡುತ್ತಾರೆ, ದುಡ್ಡು ಕೊಡದೆ ಕದ್ದು ನೋಡುವವನಿಗೆ ಹತ್ತು ಲಿಂಕ್ ಸುಲಭವಾಗಿ ಸಿಗುತ್ತವೆ. ಆ ಲಿಂಕ್‌ಗಳ ಸಹವಾಸ ಒಮ್ಮೆ ಮಾಡಿ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸಬೇಕಾಯಿತು. ಆ ಮಾತು ಅಲ್ಲಿಗೆ ಸಾಕು.

ಈ ಬಾಗಿಲನ್ನು ಕಿಟಕಿಯಿಂದ ದಾಟಿದ ಒಂದು ಪೆಟ್ಟಿಗೆಯೂ ಇತ್ತು, ಅದರ ಕೆಲಸದಲ್ಲಿ ಬೆಂಗಳೂರಿನ ಪಾಲಿತ್ತು. 2005ರಲ್ಲಿ ಬಂದ ಸ್ಲಿಂಗ್‌ಬಾಕ್ಸ್. ಪ್ರಯಾಣದಲ್ಲಿದ್ದಾಗ ತಮ್ಮೂರಿನ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ಪಂದ್ಯ ನೋಡಲಾಗುತ್ತಿಲ್ಲವೆಂದು ಕ್ರಿಕೋರಿಯನ್ ಸಹೋದರರು ಕಟ್ಟಿದ್ದು. ಅಮೆರಿಕದ ಮನೆಯ ಟಿ.ವಿ. ಪೆಟ್ಟಿಗೆಗೆ ಇದನ್ನು ಸಿಕ್ಕಿಸಿದರೆ ಅಲ್ಲಿ ಬರುವ ಚಿತ್ರವನ್ನು ಇಂಟರ್ನೆಟ್ ಮೂಲಕ ನೀವಿರುವಲ್ಲಿಗೆ ಕಳುಹಿಸುತ್ತಿತ್ತು. ಇಲ್ಲಿಂದಲೇ ಅಲ್ಲಿನ ಚಾನೆಲ್ ಬದಲಾಯಿಸಬಹುದಿತ್ತು. ಸ್ಲಿಂಗ್ ಮೀಡಿಯಾಕ್ಕೆ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಚೇರಿ ಇತ್ತು. 2007ರಲ್ಲಿ ಎಕೋಸ್ಟಾರ್ ಕಂಪನಿ ಅದನ್ನು 38 ಕೋಟಿ ಡಾಲರ್‌ಗೆ ಕೊಂಡಿತು. ಕೊಲಂಬಸ್‌ನ ಗೆಳೆಯನ ಮನೆಯ ಟಿ.ವಿ. ಹಿಂದೆ ಅಂಥದ್ದೊಂದು ಪೆಟ್ಟಿಗೆ ಧೂಳು ಹಿಡಿದು ಕೂತಿತ್ತು. ಚಂದಾ ಅವನದು, ಅರ್ಧ ಖರ್ಚು ನನ್ನದು. ಚಿತ್ರ ಮಸುಕು ನಿಜ, ಆದರೆ "ನಿಮ್ಮ ಪ್ರದೇಶದಲ್ಲಿ" ಎಂಬ ಮಾತೇ ಬರುತ್ತಿರಲಿಲ್ಲ. ಕಷ್ಟವೊಂದೇ. ನಾನು ಇಲ್ಲಿ ಫುಟ್‌ಬಾಲ್ ಹಾಕಿದರೆ ಅಲ್ಲಿ ಅವನ ಹೆಂಡತಿ ನೋಡುತ್ತಿದ್ದ ಅಡುಗೆ ಕಾರ್ಯಕ್ರಮ ಹಾರಿಹೋಗುತ್ತಿತ್ತು. "ನಿಮ್ಮ ಫ್ರೆಂಡ್ ಎದ್ದರು ಅಂತ ಕಾಣತ್ತೆ," ಅಂತಿದ್ದರಂತೆ ಅವರು. 2022ರ ನವೆಂಬರ್ 9ಕ್ಕೆ ಸ್ಲಿಂಗ್‌ಬಾಕ್ಸ್‌ನ ಸರ್ವರ್‌ಗಳನ್ನು ನಿಲ್ಲಿಸಿದರು. ಪೆಟ್ಟಿಗೆಗಳೆಲ್ಲ ಒಂದೇ ದಿನ ಇಟ್ಟಿಗೆಯಾದವು.

ಹಾಗೂ ಹೀಗೂ ಸ್ಟ್ರೀಮ್ ಸಿಕ್ಕಿತು ಅನ್ನಿ, ಅದು ನೇರಪ್ರಸಾರದಂತೆ ಕಂಡರೂ ನೇರವಲ್ಲ. ವಿಡಿಯೊವನ್ನು ಕೆಲವು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಮೂರ್ನಾಲ್ಕು ತುಂಡು ಕೈಯಲ್ಲಿಟ್ಟುಕೊಂಡೇ ಆ್ಯಪ್ ಆಟ ತೋರಿಸುವುದು. ಹಾಗಾಗಿ ಮೈದಾನಕ್ಕಿಂತ ಅರ್ಧ ನಿಮಿಷವೋ ಅದಕ್ಕೂ ಹೆಚ್ಚೋ ಹಿಂದೆ. ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೊಲಂಬಸ್‌ನಿಂದ "ಅಯ್ಯೋ!" ಎಂದು ಬಂದಾಗ ನನ್ನ ಪರದೆಯಲ್ಲಿ ಚೆಂಡು ಇನ್ನೂ ನಮ್ಮವನ ಕೈಯಲ್ಲೇ ಇರುತ್ತದೆ. ಮುಂದಿನ ನಲವತ್ತು ಸೆಕೆಂಡು ಅದು ಎಲ್ಲಿ ಜಾರುತ್ತದೆಂದು ಕಾಯುವುದು. ಇನ್ನೊಂದು ಕೊರಗು ನನ್ನ ಖಾಸಗಿಯದು. ಒಹಾಯೊ ಸ್ಟೇಟ್ ಬ್ಯಾಂಡಿನವರು 1936ರಿಂದ ಮೈದಾನದಲ್ಲಿ ನಡೆಯುತ್ತಲೇ "ಒಹಾಯೊ" ಎಂಬ ಪದವನ್ನು ಕೂಡಕ್ಷರದಲ್ಲಿ ಬರೆಯುತ್ತಾರೆ. ಕೊನೆಗೆ ಸೂಸಫೋನ್ ಎಂಬ ದೊಡ್ಡ ಕಹಳೆ ಹೊತ್ತವನೊಬ್ಬ ಕುಣಿದುಕೊಂಡು ಬಂದು ಐ ಅಕ್ಷರದ ತಲೆಯ ಮೇಲೆ ಚುಕ್ಕಿಯಾಗಿ ನಿಂತು ಬಾಗುತ್ತಾನೆ. ಲಕ್ಷ ಜನ ಎದ್ದು ನಿಲ್ಲುತ್ತಾರೆ. ಆ ಹೊತ್ತಿಗೆ ಟಿ.ವಿ.ಯವರು ಇನ್ಶೂರೆನ್ಸ್ ಜಾಹೀರಾತು ಹಾಕಿರುತ್ತಾರೆ.

ಅಮೆರಿಕದವರಾದರೂ ಸುಖವಾಗಿದ್ದಾರೆಯೇ ಎಂದರೆ, ಅವರ ಗೋಳು ಬೇರೆ. 2025ರ ಆಗಸ್ಟ್ 21ರಂದು ಇಎಸ್‌ಪಿಎನ್ ತಿಂಗಳಿಗೆ 29.99 ಡಾಲರ್‌ಗೆ, ಫಾಕ್ಸ್ 19.99 ಡಾಲರ್‌ಗೆ ಪ್ರತ್ಯೇಕ ಆ್ಯಪ್ ಬಿಟ್ಟವು. ಹೆಚ್ಚುಕಡಿಮೆ ಎಲ್ಲ ಒಂದೇ ಕಡೆ ಬೇಕೆಂದರೆ ಯೂಟ್ಯೂಬ್ ಟಿ.ವಿ.ಗೆ ಆಗ 82.99 ಡಾಲರ್. ಅಷ್ಟು ಕೊಟ್ಟವರಿಗೂ ಅದೇ ವರ್ಷ ಅಕ್ಟೋಬರ್ 30ರ ರಾತ್ರಿಯಿಂದ ನವೆಂಬರ್ 14ರವರೆಗೆ ಇಎಸ್‌ಪಿಎನ್ ಕಾಣಲಿಲ್ಲ. ಗೂಗಲ್‌ಗೂ ಡಿಸ್ನಿಗೂ ದರದ ಜಗಳ. ಸೀಸನ್ ಕಾವೇರಿದ ಎರಡು ಶನಿವಾರ ಸುಮಾರು ಒಂದು ಕೋಟಿ ಚಂದಾದಾರರು ಪರದೆಯ ಮೇಲೆ ಕ್ಷಮಾಪಣೆ ಓದಿದರು. "ಈಗ ಗೊತ್ತಾಯ್ತಾ?" ಎಂದು ಕೊಲಂಬಸ್‌ನ ಗೆಳೆಯನಿಗೆ ಮೆಸೇಜ್ ಮಾಡಿದೆ. ಸಣ್ಣತನವೇ, ಒಪ್ಪುತ್ತೇನೆ.

ನಮ್ಮಂಥವರಿಗೆ ಬಾಗಿಲು ತೆರೆಯಬಹುದಾಗಿದ್ದ ಒಂದು ಗಳಿಗೆ ಬಂದಿತ್ತು. ಆಪಲ್ 2022ರಲ್ಲಿ ಅಮೆರಿಕದ ಸಾಕರ್ ಲೀಗ್ ಎಂಎಲ್‌ಎಸ್‌ನ ಹಕ್ಕನ್ನು ಹತ್ತು ವರ್ಷಕ್ಕೆ, ಇಡೀ ಜಗತ್ತಿಗೆ ಒಂದೇ ಗಂಟಾಗಿ ಕೊಂಡಿತು. ಮರುವರ್ಷ ಮೆಸ್ಸಿ ಆ ಲೀಗ್ ಸೇರಿದಾಗ ಅರ್ಜೆಂಟೀನಾದವನೂ ಬೆಂಗಳೂರಿನವನೂ ಅದೇ ಆ್ಯಪ್‌ನಲ್ಲಿ, ಪ್ರದೇಶದ ತಕರಾರಿಲ್ಲದೆ ನೋಡಿದರು. ಅದೇ 2023ರ ಆಗಸ್ಟ್ ಮೊದಲ ವಾರ ಆಪಲ್ ಪಶ್ಚಿಮ ಕರಾವಳಿಯ ಪ್ಯಾಕ್-12 ಕಾಲೇಜು ಕೂಟದ ಮುಂದೂ ಒಂದು ಪ್ರಸ್ತಾಪವಿಟ್ಟಿತು. ಕೂಟದ ಪಂದ್ಯಗಳು ಮುಖ್ಯವಾಗಿ ಅದರ ಆ್ಯಪ್‌ನಲ್ಲಿ, ಚಂದಾದಾರರು ಹೆಚ್ಚಿದಂತೆ ಹಣವೂ ಹೆಚ್ಚು. ಕುದುರಿದ್ದರೆ ಒಂದು ಇಡೀ ಕೂಟ ಮೊದಲ ಬಾರಿಗೆ ಗಡಿಗಳ ಅಭ್ಯಾಸವೇ ಇಲ್ಲದ ವ್ಯಾಪಾರಿಯ ಕೈಗೆ ಸಿಗುತ್ತಿತ್ತು. ಆದರೆ ಕುಲಪತಿಗಳಿಗೆ ಟಿ.ವಿ.ಯಲ್ಲಿ ಕಾಣಿಸದೆ ಬರೀ ಆ್ಯಪ್‌ನಲ್ಲಿ ಅಡಗಿಹೋಗುವ ಭಯ, ಖಾತ್ರಿ ಹಣ ಸಾಲದೆಂಬ ಲೆಕ್ಕ. ಆಗಸ್ಟ್ 4ರಂದು ವಾಷಿಂಗ್ಟನ್ ಮತ್ತು ಒರೆಗಾನ್ ಬಿಗ್ ಟೆನ್‌ಗೆ ಹಾರಿದವು. ಅದೇ ದಿನ ಅರಿಜೋನದ ಎರಡೂ ತಂಡ ಮತ್ತು ಯೂಟಾ ಬಿಗ್ 12 ಎಂಬ ಇನ್ನೊಂದು ಕೂಟಕ್ಕೆ ಹೋದವು. 1915ರಲ್ಲಿ ಹುಟ್ಟಿದ ಕೂಟದಲ್ಲಿ ಕೊನೆಗೆ ಉಳಿದದ್ದು ಹನ್ನೆರಡರಲ್ಲಿ ಎರಡೇ ತಂಡ. ಹೊರದೇಶದ ಪ್ರೇಕ್ಷಕನಿಗೆ ವರವಾಗಬಹುದಾಗಿದ್ದ ಕಾಗದವನ್ನು ಕಂಡೇ ಒಳಗಿನವರು ದಿಕ್ಕಾಪಾಲಾಗಿ ಓಡಿದರು.

ಹಾಗೆ ನೋಡಿದರೆ ಇವರಿಗೆ ಹೊರದೇಶ ಬೇಡವೆಂದೇನಲ್ಲ. ವರ್ಷಕ್ಕೊಂದು ಪಂದ್ಯವನ್ನು ಡಬ್ಲಿನ್‌ಗೆ ಒಯ್ಯುತ್ತಾರೆ. 2025ರ ಆಗಸ್ಟ್ 23ರಂದು ಅಯೊವಾ ಸ್ಟೇಟ್ ಅಲ್ಲಿ ಕ್ಯಾನ್ಸಸ್ ಸ್ಟೇಟ್ ತಂಡವನ್ನು 24–21ರಿಂದ ಸೋಲಿಸಿತು. ವಿಮಾನ ತುಂಬಿಕೊಂಡು ಬರುವ ಅಭಿಮಾನಿ, ಹೋಟೆಲು, ಪ್ರವಾಸೋದ್ಯಮದ ದುಡ್ಡು ಎಲ್ಲ ಕಣ್ಣಿಗೆ ಕಾಣುತ್ತದೆ. ಮೈಸೂರಿನ ನಡುಮನೆಯ ಚಂದಾ ಕಾಣುವುದಿಲ್ಲ. ಆಟಗಾರರಿಗೇ ಹಣ ಹಂಚಬೇಕಾದ ಈ ಕಾಲದಲ್ಲಿ (2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಒಂದೊಂದು ವಿಶ್ವವಿದ್ಯಾಲಯ ಮೊದಲ ವರ್ಷ 2 ಕೋಟಿ 5 ಲಕ್ಷ ಡಾಲರ್‌ವರೆಗೆ ನೇರವಾಗಿ ಕೊಡಬಹುದಿತ್ತು) ಕಾಸಿಗೆ ಕಾಸು ಕೂಡಿಸುತ್ತಿರುವವರು ಈ ಕಾಸನ್ನು ನೆಲದ ಮೇಲೆ ಬಿಟ್ಟಿರುವುದು ವಿಚಿತ್ರ.

ಹಕ್ಕುಗಳನ್ನು ಮತ್ತೆ ಒಂದೇ ಗಂಟು ಮಾಡೋಣ ಎಂಬ ಕೂಗು ಈಗ ಅಮೆರಿಕದೊಳಗೇ ಎದ್ದಿದೆ. ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಅಧ್ಯಕ್ಷ, ತೈಲ ಉದ್ಯಮಿ ಕೋಡಿ ಕ್ಯಾಂಪ್‌ಬೆಲ್ 2025ರಲ್ಲಿ ಟಿ.ವಿ. ಜಾಹೀರಾತು ಕೊಟ್ಟೇ ಇದರ ಪ್ರಚಾರಕ್ಕಿಳಿದರು. ಎನ್‌ಎಫ್‌ಎಲ್‌ನಂಥ ಲೀಗ್‌ಗಳು ಒಟ್ಟಾಗಿ ಹಕ್ಕು ಮಾರಲು 1961ರ ಕ್ರೀಡಾ ಪ್ರಸಾರ ಕಾಯ್ದೆ ರಿಯಾಯಿತಿ ಕೊಟ್ಟಿದೆ, ಅದನ್ನು ಕಾಲೇಜುಗಳಿಗೂ ಕೊಡಿ ಎಂಬುದು ವಾದ. ಎಸ್‌ಇಸಿ ಮತ್ತು ಬಿಗ್ ಟೆನ್ ಒಪ್ಪಿಲ್ಲ. ದೊಡ್ಡ ಪಾಲು ತಿನ್ನುತ್ತಿರುವವರು ಪಂಕ್ತಿಯಲ್ಲಿ ಕೂರಲು ಯಾಕೆ ಒಪ್ಪುತ್ತಾರೆ? ಇನ್ನೊಂದು ದಾರಿ ಕೊಳ್ಳುವವನ ಕಡೆಯಿಂದ. 2024ರ ಕ್ರಿಸ್‌ಮಸ್ ದಿನ ಎರಡು ಎನ್‌ಎಫ್‌ಎಲ್ ಪಂದ್ಯಗಳನ್ನು ನೆಟ್‌ಫ್ಲಿಕ್ಸ್ ಜಗತ್ತಿಗೆಲ್ಲ ತೋರಿಸಿತು. 2025ರ ಸೆಪ್ಟೆಂಬರ್ 5ರಂದು ಬ್ರೆಜಿಲ್‌ನ ಪಂದ್ಯವನ್ನು ಯೂಟ್ಯೂಬ್ ಪುಕ್ಕಟೆಯಾಗಿ ಬಿಟ್ಟಿತು. ಅಂಥವರು ಕಾಲೇಜು ಆಟಕ್ಕೂ ಕೈ ಹಾಕಬಹುದು ಎಂಬುದು ನನ್ನ ಎಣಿಕೆ. ಆದರೆ ಬಿಗ್ ಟೆನ್ ಕರಾರು ಮುಗಿಯುವುದು 2030ರ ಹೊತ್ತಿಗೆ, ಎಸ್‌ಇಸಿಯದು 2034ಕ್ಕೆ, ಪೂರ್ವ ಕರಾವಳಿಯ ಎಸಿಸಿ ಕೂಟದ್ದು 2036ಕ್ಕೆ.

ಅಲ್ಲಿಯವರೆಗೆ ನಾನು ಕಂಡುಕೊಂಡಿರುವುದು ರೇಡಿಯೊ. ದೊಡ್ಡ ವಿಶ್ವವಿದ್ಯಾಲಯಗಳಿಗೆ ತಮ್ಮದೇ ವೀಕ್ಷಕ ವಿವರಣೆಕಾರರಿದ್ದಾರೆ. ವಾರ್ಸಿಟಿ ನೆಟ್‌ವರ್ಕ್ ಎಂಬ ಆ್ಯಪ್‌ನಲ್ಲಿ ಅನೇಕ ತಂಡಗಳ ಧ್ವನಿ ಪ್ರಸಾರ ಉಚಿತವಾಗಿ ಬರುತ್ತದೆ. ಧ್ವನಿಗೆ ಬೆಲೆ ಕಡಿಮೆಯಾದ್ದರಿಂದಲೋ ಏನೋ, ನನ್ನನ್ನು ಯಾರೂ ಗೇಟಿನಲ್ಲಿ ತಡೆದಿಲ್ಲ. 2025ರ ನವೆಂಬರ್ 29, ಮಿಶಿಗನ್ ವಿರುದ್ಧದ ವಾರ್ಷಿಕ ಕಾಳಗ. ಸತತ ನಾಲ್ಕು ವರ್ಷ ಸೋತಿದ್ದೆವು. ಇಲ್ಲಿ ರಾತ್ರಿ ಹತ್ತೂವರೆಗೆ ಶುರು. ದೀಪ ಆರಿಸಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮಲಗಿದ್ದೆ. ಎರಡನೇ ಅರ್ಧದಲ್ಲಿ ಮಿಶಿಗನ್‌ನ ತವರು ಆ್ಯನ್ ಆರ್ಬರ್‌ನಲ್ಲಿ ಹಿಮ ಬೀಳತೊಡಗಿತು. ಗಜಗಳ ಗೆರೆಯೇ ಮುಚ್ಚಿಹೋಗುತ್ತಿದೆ ಎಂದು ವಿವರಣೆಕಾರ ಹೇಳುತ್ತಿದ್ದ. 27–9. ಎದ್ದು ಕೂತು ಕತ್ತಲಲ್ಲೇ ಕೈ ಎತ್ತಿದ್ದೆ. ಸದ್ದಾಯಿತೇನೋ, ಅಮ್ಮ ಬಾಗಿಲಲ್ಲಿ ಬಂದು ನಿಂತಳು.

"ಈ ಸಲನಾದ್ರೂ ಬಂತೇನೋ?"

"ಬರೀ ಮಾತು ಬಂತಮ್ಮ," ಅಂದೆ.